ಕಾಲೇಜು ಮತ್ತು ಕಾರು: ಎರಡು ಖರ್ಚು, ಒಂದೇ ಲೆಕ್ಕ

ದ್ವಿತೀಯ ಪಿ.ಯು.ಸಿ. ಫಲಿತಾಂಶ ಪ್ರಕಟವಾದ ನಂತರದ ಎರಡು ತಿಂಗಳು ನಮ್ಮ ಭಾಗದ ವರ್ತಕ ಕುಟುಂಬಗಳಲ್ಲಿ ಎರಡು ವಿಷಯಗಳು ಒಟ್ಟಿಗೇ ಚರ್ಚೆಗೆ ಬರುತ್ತವೆ. ಮಗನೋ ಮಗಳೋ ಯಾವ ಕಾಲೇಜಿಗೆ ಸೇರಬೇಕು ಎಂಬುದು ಒಂದು. ಹೋಗಿಬರಲು ಕಾರು ಕೊಳ್ಳಬೇಕೇ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಬಂಧುಬಳಗದ ಸಲಹೆ ಕೇಳುತ್ತಾರೆ, ಎರಡನೆಯದಕ್ಕೆ ಷೋರೂಮಿನವರ ಸಲಹೆ ಕೇಳುತ್ತಾರೆ. ಲೆಕ್ಕಪರಿಶೋಧಕನ ಬಳಿಗೆ ಬರುವ ಹೊತ್ತಿಗೆ ಮುಂಗಡ ಕೊಟ್ಟಾಗಿರುತ್ತದೆ. ಆಗ ಉಳಿಯುವ ಪ್ರಶ್ನೆ ಒಂದೇ: ಗಾಡಿಯನ್ನು ಫರ್ಮಿನ ಹೆಸರಿಗೆ ಹಾಕಿದರೆ ತೆರಿಗೆ ಎಷ್ಟು ಉಳಿಯುತ್ತದೆ?

ಶಿಡ್ಲಘಟ್ಟದ ರೇಷ್ಮೆ ರೀಲರ್ ಒಬ್ಬರು ಮಾತ್ರ ಮುಂಗಡ ಕೊಡುವ ಮೊದಲೇ ಮಗನೊಡನೆ ನನ್ನ ಕಚೇರಿಗೆ ಬಂದರು. ಅವರದು ಅಣ್ಣತಮ್ಮಂದಿರ ಪಾಲುದಾರಿಕೆ ಸಂಸ್ಥೆ. ಮಗನಿಗೆ ಆಗತಾನೆ 18 ತುಂಬಿತ್ತು, ವಾಣಿಜ್ಯ ವಿಭಾಗದಲ್ಲಿ ಒಳ್ಳೆಯ ಅಂಕಗಳು ಬಂದಿದ್ದವು. ಚಿಕ್ಕಬಳ್ಳಾಪುರದಲ್ಲಿ ಬಿ.ಕಾಂ. ಸೇರಿ ಜೊತೆಗೆ ಸಿ.ಎ. ಫೌಂಡೇಷನ್ ಓದುವುದೇ, ಬೆಂಗಳೂರಿನ ಖಾಸಗಿ ಕಾಲೇಜಿನಲ್ಲಿ ಬಿ.ಬಿ.ಎ. ಸೇರುವುದೇ ಎಂಬುದು ಅವನ ಚಿಂತೆ. ಬೆಂಗಳೂರು ದುಬಾರಿ, ಮಗ ಊರಿನಲ್ಲೇ ಇರಲಿ, ಅದಕ್ಕೆ ಬದಲಾಗಿ ಒಂದು ಕಾರು ಕೊಡಿಸೋಣ ಎಂಬುದು ತಂದೆಯ ಆಲೋಚನೆ. “ತಿಂಗಳಿಗೆ ಹನ್ನೆರಡು ಸಾವಿರದ ಕಂತು ತಾನೇ ಸಾರ್, ಒಂದು ಲಾಟು ಗೂಡು ಕಮ್ಮಿ ತಗೊಂಡ್ರೆ ಆಯ್ತು” ಎಂದರು. ಅಂದು ಅವರ ಮುಂದೆ ಬರೆದು ತೋರಿಸಿದ ಲೆಕ್ಕವನ್ನೇ ಇಲ್ಲಿ ವಿವರಿಸುತ್ತೇನೆ.

ಕಂತು ಬೇರೆ, ವೆಚ್ಚ ಬೇರೆ

ರಸ್ತೆಗಿಳಿಯುವ ಹೊತ್ತಿಗೆ 8 ಲಕ್ಷ ರೂಪಾಯಿ ಆಗುವ ಸಣ್ಣ ಪೆಟ್ರೋಲ್ ಕಾರನ್ನು ಉದಾಹರಣೆಯಾಗಿ ಇಟ್ಟುಕೊಳ್ಳೋಣ. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಮೇಲಿನ ಜಿ.ಎಸ್.ಟಿ. ಶೇ. 28ರಿಂದ ಶೇ. 18ಕ್ಕೆ ಇಳಿದು, ಪರಿಹಾರ ಸೆಸ್ ಸಹ ರದ್ದಾಗಿರುವುದು ನಿಜ. ಆದರೆ ರಾಜ್ಯದ ಜೀವಿತಾವಧಿ ತೆರಿಗೆ ಮತ್ತು ಉಪಕರ ಸೇರಿ ಇಂಥ ಕಾರಿನ ಮೇಲೆ ಸುಮಾರು ಒಂದು ಲಕ್ಷ ರೂಪಾಯಿ ಬೀಳುತ್ತದೆ. ಕೈಯಿಂದ 2 ಲಕ್ಷ ಕೊಟ್ಟು, ಉಳಿದ 6 ಲಕ್ಷವನ್ನು ಶೇ. 9ರ ಬಡ್ಡಿಯಲ್ಲಿ 5 ವರ್ಷಕ್ಕೆ ಸಾಲ ಪಡೆದರೆ ತಿಂಗಳ ಕಂತು 12,455 ರೂ. ಪದವಿಯ ಮೂರು ವರ್ಷಗಳ ಲೆಕ್ಕ ಹೀಗಾಗುತ್ತದೆ:

ಕೈಯಿಂದ ಕೊಟ್ಟದ್ದು: 2,00,000 ರೂ.
36 ಕಂತುಗಳು: 4,48,380 ರೂ.
ಪೆಟ್ರೋಲ್: 1,44,000 ರೂ.
ವಿಮೆ ನವೀಕರಣ, ಸರ್ವೀಸ್, ಟೈರ್ ಇತ್ಯಾದಿ: 1,00,000 ರೂ.
ಒಟ್ಟು: 8,92,380 ರೂ.

ಪೆಟ್ರೋಲಿಗೆ ಹಿಡಿದಿರುವುದು ಶಿಡ್ಲಘಟ್ಟದಿಂದ ಚಿಕ್ಕಬಳ್ಳಾಪುರಕ್ಕೆ ಹೋಗಿಬರಲು ದಿನಕ್ಕೆ ಸುಮಾರು 35 ಕಿ.ಮೀ., ವರ್ಷಕ್ಕೆ 220 ದಿನ, ಲೀಟರಿಗೆ 16 ಕಿ.ಮೀ. ಮತ್ತು 100 ರೂ. ದರ. ಮೂರು ವರ್ಷದ ಕೊನೆಯಲ್ಲಿ ಕಾರು 4,75,000 ರೂ.ಗೆ ಮಾರಾಟವಾಯಿತೆಂದು ಭಾವಿಸಿ, ಆಗ ಬಾಕಿ ಉಳಿಯುವ ಸುಮಾರು 2,73,000 ರೂ. ಸಾಲವನ್ನು ತೀರಿಸಿದರೆ ಕೈಗೆ ಬರುವುದು 2,02,000 ರೂ. ಅದನ್ನು ಕಳೆದರೂ ನಿವ್ವಳ ವೆಚ್ಚ 6,90,000 ರೂ., ಅಂದರೆ ತಿಂಗಳಿಗೆ 19,000ಕ್ಕೂ ಹೆಚ್ಚು. ಷೋರೂಮಿನಲ್ಲಿ ಹೇಳುವ ಹನ್ನೆರಡು ಸಾವಿರಕ್ಕೂ ಇದಕ್ಕೂ ಇರುವ ಅಂತರವನ್ನು ಸದಸ್ಯರು ಗಮನಿಸಬೇಕು.

ಇಷ್ಟೇ ಹಣದಲ್ಲಿ ಬೆಂಗಳೂರಿನಲ್ಲಿ ಇಬ್ಬರು ಹಂಚಿಕೊಳ್ಳುವ ಪಿ.ಜಿ. ಕೋಣೆ, ಊಟದ ಸಮೇತ, ದೊರೆತು ಒಂದಿಷ್ಟು ಉಳಿಯಲೂಬಹುದು. ಬೆಂಗಳೂರು ದುಬಾರಿಯೆಂದು ಕಾಲೇಜನ್ನು ಕೈಬಿಟ್ಟು, ಸಮಾಧಾನಕ್ಕಾಗಿ ಕಾರು ಕೊಡಿಸುವ ತಂದೆ ವಾಸ್ತವವಾಗಿ ಅದೇ ಖರ್ಚನ್ನು ಬೇರೆ ಖಾತೆಯಲ್ಲಿ ಬರೆಯುತ್ತಿರುತ್ತಾರೆ. ಕಾರಿನ ನಿರ್ಧಾರ ಯಾರ ಗಮನಕ್ಕೂ ಬಾರದಂತೆ ಕಾಲೇಜಿನ ನಿರ್ಧಾರವನ್ನು ಮಾಡಿಬಿಡುತ್ತದೆ. ಎರಡನ್ನೂ ಒಂದೇ ಹಾಳೆಯಲ್ಲಿ ಬರೆಯಬೇಕೆಂದು ನಾನು ಹೇಳುವುದು ಈ ಕಾರಣಕ್ಕೆ.

ಫರ್ಮಿನ ಹೆಸರಿನಲ್ಲಿ ಕಾರು

ಪಾಲುದಾರಿಕೆ ಸಂಸ್ಥೆಗೆ ಆದಾಯ ತೆರಿಗೆ ಶೇ. 30, ಸೆಸ್ ಸೇರಿ ಶೇ. 31.2. ಕಾರಿನ ಮೇಲಿನ ಸವಕಳಿ ದರ ಶೇ. 15. ಆದ್ದರಿಂದ 8 ಲಕ್ಷದ ಕಾರಿಗೆ ಮೊದಲ ವರ್ಷ 1,20,000 ರೂ. ಸವಕಳಿ, 37,440 ರೂ. ತೆರಿಗೆ ಉಳಿತಾಯ. ಇದು ಪೂರ್ಣವಾಗಿ ವ್ಯವಹಾರಕ್ಕೆ ಬಳಸಿದ ಕಾರಿಗೆ ಮಾತ್ರ. ಆ ವರ್ಷದಲ್ಲಿ 180 ದಿನಕ್ಕಿಂತ ಕಡಿಮೆ ಬಳಸಿದ್ದರೆ ಸವಕಳಿ ಅರ್ಧಕ್ಕಿಳಿಯುತ್ತದೆ. ಮಗ ಕಾಲೇಜಿಗೆ ಓಡಿಸುವ ಕಾರು ವ್ಯವಹಾರದ ಕಾರಲ್ಲ. ಸ್ವಂತ ಬಳಕೆಯ ಭಾಗವನ್ನು ತೆರಿಗೆ ಅಧಿಕಾರಿ ತಳ್ಳಿಹಾಕಬಹುದು, ಹಾಕಿದರೆ ಅದು ನ್ಯಾಯವೂ ಹೌದು.

ಜಿ.ಎಸ್.ಟಿ.ಯಲ್ಲಿಯೂ ಲಾಭವಿಲ್ಲ. 2017ರ ಕೇಂದ್ರ ಜಿ.ಎಸ್.ಟಿ. ಕಾಯಿದೆಯ 17(5)ನೇ ಕಲಮಿನ ಪ್ರಕಾರ ಚಾಲಕನೂ ಸೇರಿ 13 ಆಸನಗಳವರೆಗಿನ ಪ್ರಯಾಣಿಕ ವಾಹನಕ್ಕೆ ಸಾಮಾನ್ಯ ವರ್ತಕರು ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ಪಡೆಯುವಂತಿಲ್ಲ. ಅಂದಾಜು ಲಾಭದ ಆಧಾರದ ಮೇಲೆ ತೆರಿಗೆ ಕಟ್ಟುವ ಸಣ್ಣ ವರ್ತಕರಿಗೆ ಸವಕಳಿಯೂ ಆ ಅಂದಾಜಿನಲ್ಲೇ ಸೇರಿದೆಯೆಂದು ಭಾವಿಸಲಾಗುವುದರಿಂದ ಪ್ರತ್ಯೇಕ ರಿಯಾಯಿತಿ ಇಲ್ಲ.

ಹೊಣೆ ಯಾರ ಮೇಲೆ?

ಆ ರೀಲರ್ ಮಹಾಶಯರು ಮೌನವಾದದ್ದು ಈ ಭಾಗ ಕೇಳಿದಾಗ. ಅಪಘಾತವಾದರೆ ಪರಿಹಾರದ ಹೊಣೆ ವಾಹನದ ನೋಂದಾಯಿತ ಮಾಲೀಕರ ಮೇಲೂ ಬರುತ್ತದೆ. ಲರ್ನರ್ ಲೈಸೆನ್ಸ್ ಇರುವ ಹುಡುಗ ಪಕ್ಕದಲ್ಲಿ ಲೈಸೆನ್ಸ್ ಉಳ್ಳವರಿಲ್ಲದೆ ಗಾಡಿ ಓಡಿಸಿದರೆ ಅದು ವಿಮೆಯ ಷರತ್ತಿನ ಉಲ್ಲಂಘನೆ. ವಿಮಾ ಕಂಪನಿ ಸಂತ್ರಸ್ತರಿಗೆ ಹಣ ಕೊಟ್ಟು, ಬಳಿಕ ಅದನ್ನು ಮಾಲೀಕರಿಂದ ವಸೂಲು ಮಾಡಿಕೊಳ್ಳುವಂತೆ ನ್ಯಾಯಮಂಡಳಿ ಆದೇಶಿಸಬಹುದು. ಸರ್ವೋಚ್ಚ ನ್ಯಾಯಾಲಯ 2004ರ ಸ್ವರಣ್ ಸಿಂಗ್ ಪ್ರಕರಣದಲ್ಲಿ ಈ ಮಾರ್ಗವನ್ನು ವಿವರಿಸಿದೆ. ಕಾರು ಫರ್ಮಿನ ಹೆಸರಿನಲ್ಲಿದ್ದರೆ ಆ ವಸೂಲಿ ಫರ್ಮಿನ ಮೇಲೆ, ಅದರ ಮೂಲಕ ಎಲ್ಲ ಪಾಲುದಾರರ ಮೇಲೆ. ಅಣ್ಣನ ಮಗನ ಓಡಾಟಕ್ಕೆ ತಮ್ಮನ ಮನೆ, ಜಮೀನು ಸಹ ಹೊಣೆಯಾಗುವ ಸಂಭವವಿದೆ.

ಮಾಲೀಕ-ಚಾಲಕರಿಗೆ ಇರುವ 15 ಲಕ್ಷ ರೂ.ಗಳ ಕಡ್ಡಾಯ ವೈಯಕ್ತಿಕ ಅಪಘಾತ ವಿಮೆಯ ವಿಚಾರದಲ್ಲಿಯೂ ತಪ್ಪು ತಿಳಿವಳಿಕೆ ಇದೆ. ಅದು ಲೈಸೆನ್ಸ್ ಹೊಂದಿರುವ ನೋಂದಾಯಿತ ಮಾಲೀಕನಿಗೆ ಅನ್ವಯಿಸುತ್ತದೆ. ತಂದೆಯ ಕಾರನ್ನು ಓಡಿಸುವ ಮಗ ಅದರ ವ್ಯಾಪ್ತಿಗೆ ಬರುವುದಿಲ್ಲ. ಫರ್ಮು ಮಾಲೀಕನಾದರೆ ಆ ರಕ್ಷಣೆಯೇ ಇರುವುದಿಲ್ಲ. ಓಡಿಸುವವನ ಹೆಸರಿನಲ್ಲಿ ಪ್ರತ್ಯೇಕ ಅಪಘಾತ ವಿಮೆ ಮಾಡಿಸತಕ್ಕದ್ದು.

18 ತುಂಬದ ಮಕ್ಕಳ ಕೈಗೆ ಕಾರಿನ ಕೀಲಿ ಕೊಡಲೇಕೂಡದು. 2019ರ ತಿದ್ದುಪಡಿಯಿಂದ ಸೇರಿದ ಮೋಟಾರು ವಾಹನ ಕಾಯಿದೆಯ 199ಎ ಕಲಮು ಪೋಷಕರಿಗೆ ಅಥವಾ ಮಾಲೀಕರಿಗೆ 3 ವರ್ಷದವರೆಗೆ ಕಾರಾಗೃಹ ಮತ್ತು 25,000 ರೂ. ದಂಡ ವಿಧಿಸುತ್ತದೆ, ವಾಹನದ ನೋಂದಣಿ 12 ತಿಂಗಳು ರದ್ದಾಗುತ್ತದೆ, ಮಗುವಿಗೆ 25 ವರ್ಷದವರೆಗೆ ಲೈಸೆನ್ಸ್ ಸಿಗುವುದಿಲ್ಲ. ಚಳಿಗಾಲದ ಮುಂಜಾನೆ ನಮ್ಮ ಹೆದ್ದಾರಿಯ ಮಂಜು ಎಂಥದೆಂದು ಎಲ್ಲರಿಗೂ ಗೊತ್ತು. 2023ರ ಅಕ್ಟೋಬರ್ 26ರಂದು ಚಿಕ್ಕಬಳ್ಳಾಪುರದ ಹೊರವಲಯದಲ್ಲಿ ನಿಂತಿದ್ದ ಟ್ಯಾಂಕರಿಗೆ ಟಾಟಾ ಸುಮೋ ಡಿಕ್ಕಿ ಹೊಡೆದು 13 ಜನ ಪ್ರಾಣ ಕಳೆದುಕೊಂಡದ್ದನ್ನು ನಾವು ಮರೆಯಬಾರದು.

ವಿದ್ಯಾಭ್ಯಾಸ ಸಾಲದ ಸ್ವರೂಪ

ಕಾರಿನ ಸಾಲದ ಕಂತು ಮುಂದಿನ ತಿಂಗಳಿನಿಂದಲೇ ಆರಂಭ. ವಿದ್ಯಾಭ್ಯಾಸ ಸಾಲದ ಕಂತು ಸಾಮಾನ್ಯವಾಗಿ ಓದು ಮುಗಿದು ಒಂದು ವರ್ಷದ ನಂತರ. ಗೂಡಿನ ಹಣ ಕೂಡಲೇ ಕೊಟ್ಟು ನೂಲಿನ ಹಣಕ್ಕೆ ಕಾಯುವ ರೀಲರಿಗೂ, ಟೊಮೆಟೊ ದರದ ಏರಿಳಿತ ನೋಡಿರುವ ಚಿಂತಾಮಣಿಯ ಮಂಡಿ ವರ್ತಕರಿಗೂ ಈ ವ್ಯತ್ಯಾಸದ ಬೆಲೆ ಗೊತ್ತು. ದುಡಿಯುವ ಬಂಡವಾಳದಿಂದ ಕಾರಿನ ಕಂತು ಕಟ್ಟಿ, ಕಾಲೇಜು ಶುಲ್ಕಕ್ಕೆ ಕೈಸಾಲ ಮಾಡಿದ ಲೆಕ್ಕಪತ್ರಗಳನ್ನು ನಾನು ಹಲವು ನೋಡಿದ್ದೇನೆ.

ಬ್ಯಾಂಕುಗಳ ಮಾದರಿ ಯೋಜನೆಯಲ್ಲಿ 4 ಲಕ್ಷದವರೆಗಿನ ವಿದ್ಯಾಭ್ಯಾಸ ಸಾಲಕ್ಕೆ ಆಸ್ತಿ ಅಡಮಾನ ಬೇಕಿಲ್ಲ. 2024ರ ಪಿ.ಎಂ. ವಿದ್ಯಾಲಕ್ಷ್ಮಿ ಯೋಜನೆಯಡಿ, ಪಟ್ಟಿಯಲ್ಲಿರುವ ಗುಣಮಟ್ಟದ ಸಂಸ್ಥೆಗಳಿಗೆ ಸೇರುವವರು ಅಡಮಾನವಿಲ್ಲದೆ ಸಾಲ ಪಡೆಯಬಹುದು. ಕುಟುಂಬದ ವಾರ್ಷಿಕ ಆದಾಯ 8 ಲಕ್ಷದೊಳಗಿದ್ದು ಷರತ್ತುಗಳಿಗೆ ಒಳಪಟ್ಟರೆ ಶೇ. 3ರ ಬಡ್ಡಿ ಸಹಾಯಧನವೂ ಉಂಟು. ಹಳೆಯ ತೆರಿಗೆ ಪದ್ಧತಿಯನ್ನು ಆಯ್ದ ವ್ಯಕ್ತಿಗಳಿಗೆ ವಿದ್ಯಾಭ್ಯಾಸ ಸಾಲದ ಬಡ್ಡಿ ಪೂರ್ತಿಯಾಗಿ, 8 ವರ್ಷಗಳವರೆಗೆ, ಆದಾಯದಿಂದ ಕಳೆಯಲು ಅವಕಾಶವಿದೆ. ಸ್ವಂತ ಬಳಕೆಯ ಕಾರಿನ ಸಾಲಕ್ಕೆ ಇಂಥ ಸವಲತ್ತು ಇಲ್ಲ.

ನಿರ್ಧಾರದ ಕ್ರಮ

ಮೊದಲು ಓದು ಯಾವುದೆಂದು ನಿಶ್ಚಯವಾಗಲಿ. ಜಿಲ್ಲೆಯಲ್ಲೇ 1986ರಿಂದ ಎಸ್.ಜೆ.ಸಿ. ತಾಂತ್ರಿಕ ಮಹಾವಿದ್ಯಾಲಯವಿದೆ, ಚಿಂತಾಮಣಿ ಬಳಿಯ ಕುರುಬೂರಿನಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಕಾಲೇಜಿದೆ. ಸಿ.ಎ. ಓದುವವರು ಫೌಂಡೇಷನ್ ಮೂಲಕವಾಗಲಿ, ವಾಣಿಜ್ಯ ಪದವಿಯಲ್ಲಿ ಶೇ. 55 ಅಂಕ ಪಡೆದು ನೇರವಾಗಿಯಾಗಲಿ ಪ್ರವೇಶಿಸಬಹುದು. 2023ರ ಹೊಸ ಪಠ್ಯಕ್ರಮದಲ್ಲಿ ಆರ್ಟಿಕಲ್‌ಶಿಪ್ ಅವಧಿ ಮೂರು ವರ್ಷದಿಂದ ಎರಡಕ್ಕೆ ಇಳಿದಿದೆ.

ಎರಡನೆಯದಾಗಿ ವಾಸ್ತವ್ಯ ಎಲ್ಲಿ ಎಂಬುದು. ಮೂರನೆಯದಾಗಿ ಸಂಚಾರ. ಗೌರಿಬಿದನೂರಿನಿಂದ ಯಲಹಂಕದ ಕಡೆಗೆ ರೈಲಿದೆ. ಶಿಡ್ಲಘಟ್ಟ, ಚಿಂತಾಮಣಿಗಳು 2013ರಲ್ಲಿ ಬ್ರಾಡ್‌ಗೇಜ್ ಆದ ಕೋಲಾರ-ಚಿಕ್ಕಬಳ್ಳಾಪುರ ಮಾರ್ಗದಲ್ಲಿವೆ. ರೈಲಿನ ವೇಳೆ ತರಗತಿಯ ವೇಳೆಗೆ ಹೊಂದುವುದೇ ಎಂದು ನೋಡಬೇಕು. ಹೆಣ್ಣುಮಕ್ಕಳಿಗೆ 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯ ಬಸ್ಸು ಇದೆ. ಇವೆಲ್ಲ ಹೊಂದದಿದ್ದಾಗ ಮಾತ್ರ ಕಾರಿನ ಪ್ರಶ್ನೆ. ಆಗಲೂ ಹಳೆಯ ಕಾರನ್ನು ಪರಿಶೀಲಿಸಬಹುದು, ಆದರೆ ನೋಂದಣಿ ವರ್ಗಾವಣೆಯನ್ನು ಕೂಡಲೇ ಮಾಡಿಸಿಕೊಳ್ಳಬೇಕು. ಮನೆಯ ಹಿರಿಯರ ಆಸ್ಪತ್ರೆ ಓಡಾಟಕ್ಕೋ ವ್ಯಾಪಾರಕ್ಕೋ ಕಾರು ನಿಜವಾಗಿ ಬೇಕಿದ್ದರೆ ಕೊಳ್ಳುವುದು ತಪ್ಪಲ್ಲ. ಅದನ್ನು ಮಗನ ಓದಿನ ಖರ್ಚೆಂದು ಕರೆಯುವುದು ತಪ್ಪು.

ಆ ಹುಡುಗ ಕೊನೆಗೆ ಚಿಕ್ಕಬಳ್ಳಾಪುರದಲ್ಲೇ ಬಿ.ಕಾಂ. ಸೇರಿದ, ಫೌಂಡೇಷನ್‌ಗೂ ಹೆಸರು ನೋಂದಾಯಿಸಿದ. ಬೆಂಗಳೂರು ಕೈತಪ್ಪಿತೆಂಬ ಬೇಸರ ಅವನಿಗೆ ಪೂರ್ತಿ ಹೋಗಿಲ್ಲ. ಕಾರನ್ನು ಸದ್ಯಕ್ಕೆ ಮುಂದೂಡಿದ್ದಾರೆ. ಅವನು ಬಸ್ಸಿನಲ್ಲಿ ಹೋಗಿಬರುತ್ತಾನೆ. “ಕಾರು ಬೇಡ ಅಂತ ನಾನು ಹೇಳಿಲ್ಲ ಸಾರ್, ಆರ್ಟಿಕಲ್‌ಶಿಪ್ ಮುಗೀಲಿ” ಎಂದು ಮೊನ್ನೆ ನಗುತ್ತಾ ನೆನಪಿಸಿದ. ಸದಸ್ಯರಲ್ಲಿ ನನ್ನ ವಿನಂತಿ ಇಷ್ಟೆ: ಮುಂಗಡದ ರಸೀದಿಯೊಡನೆ ಬರುವ ಬದಲು ಕೊಟೇಷನ್ ಮತ್ತು ಕಾಲೇಜಿನ ಶುಲ್ಕಪಟ್ಟಿ ಎರಡನ್ನೂ ಒಟ್ಟಿಗೆ ಹಿಡಿದು ನಿಮ್ಮ ಲೆಕ್ಕಪರಿಶೋಧಕರ ಬಳಿ ಹೋಗಿ. ಜೊತೆಗೆ ಮಗನನ್ನೋ ಮಗಳನ್ನೋ ಕರೆದೊಯ್ಯುವುದನ್ನು ಮರೆಯಬೇಡಿ.