ಗೋವಿನಜೋಳದ ಹುಳು, ಕೊರೊನಾ ಲಸಿಕೆ!

ಮುಧೋಳ, ಬೀಳಗಿ, ಜಮಖಂಡಿ ಕಡೆಯ ಗೋವಿನಜೋಳದ ರೈತರಿಗೆ ಸೈನಿಕ ಹುಳುವಿನ ಹೆಸರೆತ್ತಿದರೆ ಸಾಕು, ಮುಖ ಗಂಟಿಕ್ಕುತ್ತಾರೆ. ಸುಳಿಯೊಳಗೆ ಹೊಕ್ಕು ಕುಳಿತು ಎಲೆಯನ್ನೆಲ್ಲ ತೂತು ಮಾಡುವ ಹುಳು ಅದು. ಅಮೆರಿಕ ಖಂಡದ ಈ ಕೀಟ ಭಾರತದಲ್ಲಿ ಮೊದಲು ಕಂಡದ್ದು 2018ರಲ್ಲಿ, ನಮ್ಮ ಶಿವಮೊಗ್ಗದಲ್ಲಿ. ಇದೇ ಕೀಟದ ಜೀವಕೋಶಗಳಲ್ಲಿ ಕೊರೊನಾ ಲಸಿಕೆ ತಯಾರಾಗಿದೆ ಎಂದರೆ ನಂಬುವಿರಾ?

ನಂಬಲೇಬೇಕು. ಈ ಕೀಟದ ಪ್ಯೂಪಾದ ಅಂಡಾಶಯದಿಂದ ತೆಗೆದ ಜೀವಕೋಶಗಳನ್ನು ಪ್ರಯೋಗಾಲಯದಲ್ಲಿ ಬೆಳೆಸಿದ ಸಂಗತಿಯನ್ನು ಅಮೆರಿಕದ ವಿಜ್ಞಾನಿಗಳು 1977ರಲ್ಲಿ ಪ್ರಕಟಿಸಿದರು. ಅವುಗಳ ಸಂತತಿ ಇಂದಿಗೂ ಬೆಳೆಯುತ್ತಲೇ ಇದೆ. ಅದರ ಒಂದು ಕವಲಿಗೆ ಎಸ್‌ಎಫ್-9 ಎಂದು ಹೆಸರು.

ಮಗ್ಗ ಅದೇ, ಡಿಸೈನು ಬೇರೆ

ಇದರ ಮರ್ಮ ರಬಕವಿ-ಬನಹಟ್ಟಿಯ ನೇಕಾರರ ಮಕ್ಕಳಿಗೆ ಬೇಗ ತಿಳಿದೀತು. ಜಕಾರ್ಡ್ ಮಗ್ಗದಲ್ಲಿ ತೂತು ಹೊಡೆದ ಕಾರ್ಡು ಬದಲಿಸಿದರೆ ಸೀರೆಯ ಡಿಸೈನೇ ಬದಲು. ಮಗ್ಗ ಮಾತ್ರ ಅದೇ. ಜೀವಕೋಶವೂ ಒಂದು ಮಗ್ಗ. ಜೀನ್, ಅಂದರೆ ವಂಶವಾಹಿ, ಅದರ ಕಾರ್ಡು. ನೇಯ್ದು ಬರುವ ಬಟ್ಟೆಯೇ ಪ್ರೋಟೀನು.

ಹೊಸ ಕಾರ್ಡನ್ನು ಕೋಶದೊಳಗೆ ಒಯ್ಯುವವರು ಯಾರು? ಕೀಟಗಳ ಶತ್ರುವಾದ ಬ್ಯಾಕ್ಯುಲೋವೈರಸ್! ಕಡಲೆ, ತೊಗರಿಯ ಕಾಯಿಕೊರಕಕ್ಕೆ ಸಿಂಪಡಿಸುವ ಎನ್.ಪಿ.ವಿ. ನಂಜಾಣು ಇದೇ ಕುಲದ್ದು. ಹೊಲದಲ್ಲಿ ತನ್ನ ರಕ್ಷಣೆಗಾಗಿ ಅದು ಒಂದು ಪ್ರೋಟೀನನ್ನು ರಾಶಿಗಟ್ಟಲೆ ಮಾಡಿಸಿ ಕವಚ ಕಟ್ಟಿಕೊಳ್ಳುತ್ತದೆ. ಪ್ರಯೋಗಾಲಯದಲ್ಲಿ ಆ ಕವಚ ಬೇಕಿಲ್ಲ. ಕವಚದ ಜೀನ್ ತೆಗೆದು ಆ ಜಾಗದಲ್ಲಿ ಬೇರೆ ಜೀನ್ ಕೂರಿಸಿದರೆ ಕೋಶ ಅದರ ಪ್ರೋಟೀನನ್ನೇ ರಾಶಿ ಹಾಕುತ್ತದೆ. ಟೆಕ್ಸಾಸ್‌ನ ಮ್ಯಾಕ್ಸ್ ಸಮ್ಮರ್ಸ್, ಗೇಲ್ ಸ್ಮಿತ್ ಮತ್ತು ಸಂಗಡಿಗರು 1983ರಲ್ಲಿ ಇದನ್ನು ಸಾಧಿಸಿ ತೋರಿಸಿದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕೆ.ಪಿ. ಗೋಪಿನಾಥನ್ ತಂಡ 1990ರ ದಶಕದಲ್ಲೇ ಇದೇ ಬಗೆಯ ವೈರಸ್ ಬಳಸಿ ರೇಷ್ಮೆಹುಳುವಿನಲ್ಲಿ ಮಿಂಚುಹುಳದ ಪ್ರೋಟೀನು ತಯಾರಿಸಿತ್ತು.

ವೈರಸ್ ಇಲ್ಲದ ಮುಳ್ಳು

ಕೊರೊನಾ ವೈರಸ್ಸಿನ ಮೈಮೇಲಿನ ಮುಳ್ಳೂ ಒಂದು ಪ್ರೋಟೀನು. 1,273 ಅಮೈನೋ ಆಮ್ಲಗಳ ಸರಪಳಿ. ವೈರಸ್ ನಮ್ಮ ಕೋಶಕ್ಕೆ ಅಂಟಿಕೊಳ್ಳುವುದು ಇದರಿಂದಲೇ. ಮುಳ್ಳಿನ ಜೀನ್ ಕೊಟ್ಟರೆ ಕೀಟಕೋಶ ಮುಳ್ಳನ್ನಷ್ಟೇ ಮಾಡುತ್ತದೆ. ಅಲ್ಲಿ ಕೊರೊನಾ ವೈರಸ್ಸೇ ಇಲ್ಲದ್ದರಿಂದ ಸೋಂಕಿನ ಭಯವಿಲ್ಲ. ಅದನ್ನು ಶುದ್ಧಗೊಳಿಸಿ ಮುಳ್ಳಿನ ಆಕಾರವನ್ನೂ, ನಮ್ಮ ರಕ್ತದ ಪ್ರತಿಕಾಯಗಳು ಅದನ್ನು ಹಿಡಿಯುವ ಬಗೆಯನ್ನೂ ಪರೀಕ್ಷಿಸಬಹುದು.

ಬ್ಯಾಕ್ಟೀರಿಯಾದಲ್ಲೇಕೆ ಮಾಡಬಾರದು? ಈ ಮುಳ್ಳಿಗೆ ಸಕ್ಕರೆಯ ಸರಪಳಿಗಳು ಅಂಟಿರುತ್ತವೆ. ಸಾಮಾನ್ಯ ಬ್ಯಾಕ್ಟೀರಿಯಾ ಅವನ್ನು ಜೋಡಿಸಲಾರದು. ಕೀಟಕೋಶ ಜೋಡಿಸಬಲ್ಲದು, ಮನುಷ್ಯನ ಕೋಶದಷ್ಟು ಕರಾರುವಾಕ್ಕಾಗಿ ಅಲ್ಲದಿದ್ದರೂ.

ಹೀಗೆ ಹುಟ್ಟಿದ್ದೇ ನೊವಾವ್ಯಾಕ್ಸ್ ಲಸಿಕೆ. ಪುಣೆಯ ಸೀರಮ್ ಸಂಸ್ಥೆ ತಯಾರಿಸಿದ ಇದರ ಭಾರತೀಯ ರೂಪ ಕೊವೊವ್ಯಾಕ್ಸ್‌ಗೆ 2021ರ ಡಿಸೆಂಬರ್‌ನಲ್ಲಿ ತುರ್ತು ಬಳಕೆಯ ಅನುಮತಿ ದೊರೆಯಿತು. ಒಂದು ಡೋಸಿಗೆ ಬೇಕಾದ ಮುಳ್ಳು ಕೇವಲ 5 ಮೈಕ್ರೊಗ್ರಾಂ. ಲೆಕ್ಕ ಹಾಕಿ: ಒಂದು ಗ್ರಾಂ ಮುಳ್ಳು ಎರಡು ಲಕ್ಷ ಡೋಸಿಗೆ ಸಾಕು!

ಪಿಯುಸಿ ವಿಜ್ಞಾನವೆಂದರೆ ಡಾಕ್ಟರು, ಎಂಜಿನಿಯರು ಎರಡೇ ದಾರಿ ಎನ್ನುವ ಪಾಲಕರು ಇದನ್ನು ಗಮನಿಸಬೇಕು. ಈ ಲಸಿಕೆಯ ಹಿಂದೆ ಕೀಟಶಾಸ್ತ್ರ, ಜೀವರಸಾಯನಶಾಸ್ತ್ರ, ಸೂಕ್ಷ್ಮಜೀವಿಶಾಸ್ತ್ರ ಓದಿದವರ ನಲವತ್ತು ವರ್ಷಗಳ ದುಡಿಮೆಯಿದೆ. ಹೊಲದಲ್ಲಿ ಹುಳು ಕಂಡ ಮಗು ಪ್ರಶ್ನೆ ಕೇಳಿದರೆ ಗದರಬೇಡಿ. ಉತ್ತರ ಎಲ್ಲಿಗೆ ಒಯ್ಯುತ್ತದೋ ಬಲ್ಲವರಾರು?