ಶಾಸನಶಿಲೆಯನ್ನು ಎತ್ತುವ ಕ್ರಮ

ಮಾಗಡಿ ತಾಲ್ಲೂಕಿನ ಕಲ್ಯದ ಶಾಸನವು, ಕ್ರಿ.ಶ. 1368ರಲ್ಲಿ ಬುಕ್ಕರಾಯನು ಜೈನರಿಗೂ ಶ್ರೀವೈಷ್ಣವರಿಗೂ ಮಾಡಿಸಿದ ಒಡಂಬಡಿಕೆಯನ್ನು ತಿಳಿಸುತ್ತದೆ. ಇಂತಹ ಶಿಲೆಗಳನ್ನು ಸ್ಥಳಾಂತರಿಸಬೇಕಾದಾಗ ಅಕ್ಷರಗಳ ಅಳಿವು ಉಳಿವು ಎತ್ತುವವರ ಎಚ್ಚರವನ್ನು ಅವಲಂಬಿಸಿರುತ್ತದೆ. 2 ಮೀಟರು ಉದ್ದ, 1 ಮೀಟರು ಅಗಲ, ಕಾಲು ಮೀಟರು ದಪ್ಪದ ಕಣಶಿಲೆಯು ಸುಮಾರು 1,350 ಕಿಲೋಗ್ರಾಂ ತೂಗುತ್ತದೆ.

ಕ್ರೇನಿನಿಂದ ಹಾಯಿದೋಣಿಯನ್ನು ನೀರಿಗಿಳಿಸುವವರ ನಿಯಮವೇ ಇಲ್ಲಿಯೂ ಸಲ್ಲುತ್ತದೆ. ಗುರುತ್ವಕೇಂದ್ರದ ಇಕ್ಕೆಲಗಳಲ್ಲಿ ಸಮದೂರದಲ್ಲಿ ಅಗಲವಾದ ಪಟ್ಟಿಗಳನ್ನು ಬಿಗಿಯಬೇಕು. ಅವು ನೆಲಕ್ಕೆ 60 ಡಿಗ್ರಿ ಓರೆಯಾಗಿದ್ದರೆ ಒಂದೊಂದರ ಮೇಲೂ ತೂಕದ ಶೇಕಡ 58ರಷ್ಟು ಎಳೆತ ಬೀಳುತ್ತದೆ. 30 ಡಿಗ್ರಿಗಿಳಿದರೆ ಪೂರ್ಣ ತೂಕದಷ್ಟಾಗುತ್ತದೆ. ಮೊದಲು ಗೇಣುದ್ದ ಎತ್ತಿ, ವಾಲುವುದಿಲ್ಲವೆಂದು ಕಂಡ ಬಳಿಕವೇ ಮುಂದುವರಿಯಬೇಕು. ಕೆಳಗೆ ಯಾರೂ ನಿಲ್ಲಬಾರದು. ಉಕ್ಕಿನ ಹಗ್ಗವು ಬರೆಹದ ಮೈಗೆ ತಾಗಕೂಡದು.

ಒಡೆದ ಅಕ್ಷರವನ್ನು ಯಾವ ಯಂತ್ರವೂ ಮರಳಿ ಕೊಡಲಾರದು. ಆದುದರಿಂದ ಎತ್ತುವ ಮೊದಲೇ ಪಡಿಯಚ್ಚು ತೆಗೆದಿಡುವುದು ಇತಿಹಾಸದ ವಿದ್ಯಾರ್ಥಿಗಳಾದ ನಮ್ಮ ಕರ್ತವ್ಯ.