ಮೇಜುದೀಪದ ಮುರಿದ ಬುಡ

ಗಡಿಯಾರ ಬಿಚ್ಚಿ ಕೂಡಿಸುವವರು, ರೇಡಿಯೋದ ತಂತಿಗಳಿಗೆ ಬೆಸುಗೆ ಹಾಕುವವರು, ಮರದಲ್ಲಿ ನವುರಾದ ಕೆತ್ತನೆ ಮಾಡುವವರು, ಇಂತಹ ಹವ್ಯಾಸಿಗಳ ಮೇಜಿನ ಅಂಚನ್ನು ಕಚ್ಚಿಕೊಂಡು, ಎಳೆದಲ್ಲಿಗೆ ಬಂದು ಬಿಟ್ಟಲ್ಲಿ ನಿಲ್ಲತಕ್ಕ ತೋಳುದೀಪದಲ್ಲಿ ಬಹುಮಟ್ಟಿಗೆ ಎಲ್ಲಕ್ಕೂ ಮೊದಲು ಸೋಲುವುದು ಅದರ ಬುಡದ ಕ್ಲ್ಯಾಂಪು. ಉಳಿದ ಅವಯವಗಳೆಲ್ಲ ಸುಸ್ಥಿತಿಯಲ್ಲಿರುವಾಗ ಅಂಗೈಯೊಳಗೆ ಅಡಗುವ ಈ ಒಂದು ತುಂಡು ಮುರಿಯಿತೆಂದು ಇಡೀ ದೀಪವನ್ನೇ ಗುಜರಿಗೆ ಹಾಕುವುದು ಅನ್ಯಾಯವೆಂದೇ ನನ್ನ ಭಾವನೆ. ಏಕೆ ಮುರಿಯಿತೆಂಬುದನ್ನು ಅರಿತವನಿಗೆ ಅದರ ದುರಸ್ತಿ ದುಸ್ಸಾಧ್ಯವೇನೂ ಅಲ್ಲ.

ಮೋಟಾರು ವಾಹನಗಳ ಸ್ಪ್ರಿಂಗ್ ವ್ಯವಸ್ಥೆಯಲ್ಲಿ ಪರಿಶ್ರಮವಿದ್ದ ಇಂಗ್ಲೆಂಡಿನ ಎಂಜಿನಿಯರ್ ಜಾರ್ಜ್ ಕಾರ್ವರ್ಡೈನ್ 1932ರಲ್ಲಿ ಇಂತಹ ದೀಪದ ಸ್ಪ್ರಿಂಗ್ ರಚನೆಗೆ ಪೇಟೆಂಟು ಕೋರಿದನು. ರೆಡಿಚ್ ಪಟ್ಟಣದ ಸ್ಪ್ರಿಂಗ್ ತಯಾರಕರಾದ ಹರ್ಬರ್ಟ್ ಟೆರಿ ಸಂಸ್ಥೆಯವರು ಅದನ್ನು ‘ಆಂಗಲ್‌ಪಾಯ್ಸ್’ ಎಂಬ ಹೆಸರಿನಿಂದ ಪ್ರಚಾರಕ್ಕೆ ತಂದರು. ತೋಳು ಯಾವ ಕೋನದಲ್ಲಿದ್ದರೂ ದೀಪದ ತೂಕದ ಸೆಳೆತಕ್ಕೆ ಸರಿಸಮನಾಗಿ ಸ್ಪ್ರಿಂಗು ಎದುರೆಳೆಯುವಂತೆ ಅದರ ಸ್ಥಾನವನ್ನು ನಿಯಮಿಸಿರುವುದೇ ಈ ರಚನೆಯ ಸೊಗಸು. ಬೆರಳ ತುದಿಯಿಂದ ತೋಳನ್ನು ಸರಿಸುವಾಗ ಭಾರವೆಂಬುದೇ ಇಲ್ಲವೆಂದು ತೋರುತ್ತದೆಯಾದರೂ, ಆ ಭಾರವನ್ನು ಸ್ಪ್ರಿಂಗುಗಳು ನುಂಗಿಬಿಡುವುದಿಲ್ಲ. ಕೈಗೆ ತಾಕದಂತೆ ಅದನ್ನು ಬುಡಕ್ಕೆ ಸಾಗಿಸುತ್ತವೆ, ಅಷ್ಟೆ.

ಬುಡಕ್ಕೆ ಬಂದು ತಲಪುವುದು ಕೇವಲ ತೂಕವಲ್ಲ. ಭೂತಗನ್ನಡಿಯನ್ನೂ ಒಳಗೊಂಡ ಒಂದು ಕಿಲೋಗ್ರಾಂ ತೂಕದ ತಲೆಯು ಬುಡದಿಂದ 80 ಸೆಂಟಿಮೀಟರ್ ದೂರಕ್ಕೆ ಚಾಚಿ ನಿಂತಾಗ, ತೋಳಿನ ಸ್ವಂತ ತೂಕವನ್ನು ಲೆಕ್ಕಕ್ಕೆ ಹಿಡಿಯದಿದ್ದರೂ, ಬುಡವನ್ನು ಮಗುಚಲು ಹವಣಿಸುವ ಭ್ರಾಮಕವು, ಅಂದರೆ ತೂಕ ಮತ್ತು ದೂರಗಳ ಗುಣಲಬ್ಧವು, 80 ಕಿಲೋಗ್ರಾಂ-ಸೆಂಟಿಮೀಟರ್ ಆಗುತ್ತದೆ. ಇದನ್ನು ತಡೆಯಬೇಕಾದದ್ದು ಕ್ಲ್ಯಾಂಪಿನ ಕುಳಿಯಲ್ಲಿ ಕುಳಿತ ಲೋಹದ ಗೂಟ. ಗೂಟವು ಕುಳಿಯ ಬಾಯಿಯಲ್ಲಿ ಒಂದು ಪಕ್ಕಕ್ಕೂ ತಳದಲ್ಲಿ ಎದುರು ಪಕ್ಕಕ್ಕೂ ಒತ್ತಿ ನಿಲ್ಲುವುದರಿಂದ, ಆಳ 3 ಸೆಂಟಿಮೀಟರ್ ಮಾತ್ರವಿದ್ದರೆ ಪ್ರತಿಯೊಂದು ಒತ್ತಡವೂ ಸುಮಾರು 27 ಕಿಲೋಗ್ರಾಂ ತೂಕಕ್ಕೆ ಸಮ! ಆಳವನ್ನು 6 ಸೆಂಟಿಮೀಟರಿಗೆ ಹೆಚ್ಚಿಸಿದೆವೆಂದರೆ ಅದು ಅರ್ಧಕ್ಕೆ ಇಳಿಯುತ್ತದೆ. ಗಟ್ಟಿ ಲೋಹವನ್ನು ಅರಸುವುದಕ್ಕಿಂತ ಆಳವಾದ ಕುಳಿಯನ್ನು ಅರಸುವುದು ಮೇಲೆಂದು ನಾನು ಹೇಳುವುದು ಈ ಲೆಕ್ಕದ ಬಲದಿಂದಲೇ.

ಅಗ್ಗದ ಕ್ಲ್ಯಾಂಪುಗಳು ಸಾಮಾನ್ಯವಾಗಿ ಸತುವಿನ ಮಿಶ್ರಲೋಹದ ಎರಕಗಳು. ಸದಾಕಾಲ ಬಿಗಿತದಲ್ಲಿಟ್ಟರೆ ಕೋಣೆಯ ಸಾಧಾರಣ ಉಷ್ಣತೆಯಲ್ಲಿಯೇ ಈ ಲೋಹವು ಮೆಲ್ಲಮೆಲ್ಲನೆ ಹಿಗ್ಗಿ ಸಡಿಲಗೊಳ್ಳುತ್ತದೆ. ದೀಪ ಅಲುಗಿತೆಂದು ನಾವು ತಿರುಪನ್ನು ಬಿಗಿಯುತ್ತೇವೆ. ಅದು ಮತ್ತೆ ಸಡಿಲಾಗುತ್ತದೆ, ನಾವು ಮತ್ತೆ ಬಿಗಿಯುತ್ತೇವೆ. ಕೊನೆಗೊಂದು ದಿನ ಕ್ಲ್ಯಾಂಪಿನ ಒಳಮೂಲೆ ಸೀಳುತ್ತದೆ. ಒಳಮೂಲೆಯೇ ಏಕೆ? ಚೂಪಾದ ಮೂಲೆಯಲ್ಲಿ ಒತ್ತಡವು ಹರಡಿಕೊಳ್ಳಲಾರದೆ ಸಾಂದ್ರವಾಗುತ್ತದೆ. ರಂಧ್ರದ ಅಂಚು ಚೂಪಾದಷ್ಟೂ ಅಲ್ಲಿಯ ಒತ್ತಡ ಏರುವುದೆಂಬುದನ್ನು 1913ರಲ್ಲಿ ಎಂಜಿನಿಯರ್ ಸಿ. ಇ. ಇಂಗ್ಲಿಸ್ ಗಣಿತಮುಖೇನ ಸಾಧಿಸಿ ತೋರಿಸಿದನು. ಮುರಿದ ಮೇಲ್ಮೈಯನ್ನು ಬೆಳಕಿಗೆ ಹಿಡಿದರೆ, ಸಕ್ಕರೆಯ ಹರಳಿನಂತೆ ಮಿನುಗುವ ಬೂದುಬಣ್ಣದ ಕಣಗಳೂ, ಕೆಲವೊಮ್ಮೆ ಎರಕದಲ್ಲಿ ಸಿಲುಕಿದ ಗಾಳಿಯ ಪುಟ್ಟ ಗುಳಿಗಳೂ ಕಾಣುತ್ತವೆ.

ಇದಕ್ಕೆ ಎಪಾಕ್ಸಿ ಅಂಟು ಹಚ್ಚುವವರುಂಟು. ಅಂಟು ಜಾರುವ ಬಲವನ್ನು ಚೆನ್ನಾಗಿ ತಡೆಯುತ್ತದೆ, ಸೀಳುವ ಬಲವನ್ನು ತಡೆಯದು. ಇಲ್ಲಿರುವುದೋ ಸೀಳುವ ಬಲವೇ. ಬೆಸುಗೆಯೂ ಒಗ್ಗದು: ಈ ಮಿಶ್ರಲೋಹವು ಸುಮಾರು 385 ಡಿಗ್ರಿ ಸೆಲ್ಸಿಯಸ್‌ನಲ್ಲಿಯೇ ಕರಗುವುದರಿಂದ, ಜ್ವಾಲೆ ಹಿಡಿದೊಡನೆ ಬಿರುಕು ಕೂಡುವ ಮೊದಲೇ ತುಂಡು ಕುಸಿಯುತ್ತದೆ.

ಆದಕಾರಣ ಹೊಸ ಬುಡವನ್ನೇ ಮಾಡುವುದು ಲೇಸು. ಗೂಟದ ವ್ಯಾಸವನ್ನು ಕ್ಯಾಲಿಪರಿನಿಂದ ಅಳೆಯಬೇಕು. ಅರ್ಧ ಅಂಗುಲ ಸಾಮಾನ್ಯವಾದರೂ ಎಲ್ಲ ದೀಪಗಳಲ್ಲಿ ಅದೇ ಇರುವುದಿಲ್ಲ. ಗೂಟ ನುಸುಳುವಷ್ಟೇ ಒಳವ್ಯಾಸವುಳ್ಳ ಉಕ್ಕಿನ ಅಥವಾ ಹಿತ್ತಾಳೆಯ ಕೊಳವೆಯೊಂದನ್ನು, ಗೂಟದ ಪೂರ್ಣ ಉದ್ದದಷ್ಟು ಆಳಕ್ಕೆ, ತೇಗದ ದಿಮ್ಮಿಯಲ್ಲಿ ಕೊರೆದ ನೆಟ್ಟನೆಯ ರಂಧ್ರದೊಳಗೆ ಎಪಾಕ್ಸಿಯಿಂದ ಕೂರಿಸಿ, ರಂಧ್ರದ ಸುತ್ತ ಎಲ್ಲ ಕಡೆಗೂ 2 ಸೆಂಟಿಮೀಟರಿನಷ್ಟಾದರೂ ಮರ ಉಳಿಯುವಂತೆ ನೋಡಿಕೊಂಡು, ಮೇಜಿನಡಿಯಿಂದ ಅಗಲವಾದ ವಾಷರುಗಳ ಸಮೇತ ಬೋಲ್ಟು ಹಾಕಿ ಬಿಗಿದರೆ ದೀಪವು ಮೊದಲಿಗಿಂತ ದೃಢವಾಗಿ ನಿಲ್ಲುತ್ತದೆ. ಅಂಟಿಗೆ ಇಲ್ಲಿ ಸೀಳಿನ ಭಯವಿಲ್ಲ, ಕೊಳವೆಯನ್ನು ಮರವೇ ಸುತ್ತುವರಿದಿರುತ್ತದೆ. ಗೂಟವೇ ಗಿಡ್ಡವಾಗಿದ್ದರೆ ಲೇತು ಇರುವ ಅಂಗಡಿಯಲ್ಲಿ ಉದ್ದನೆಯದೊಂದನ್ನು ಮಾಡಿಸಬಹುದು. ಬಾಡಿಗೆ ಮನೆಯ ಮೇಜಿಗೆ ತೂತು ಕೊರೆಯಲಾಗದವರು ದಿಮ್ಮಿಯನ್ನು ದಪ್ಪ ಹಲಗೆಗೆ ಬಿಗಿದು, ಆ ಹಲಗೆಯನ್ನು ಬಡಗಿಯ ಜಿ ಕ್ಲ್ಯಾಂಪುಗಳೆರಡರಿಂದ ಮೇಜಿಗೆ ಹಿಡಿಸಲಿ. ಮೇಜು ಮರದ ಪುಡಿ ಒತ್ತಿ ಮಾಡಿದ್ದಾದರೆ ಕೆಳಗೊಂದು ಉಕ್ಕಿನ ತಗಡನ್ನು ಇಡಲಿ, ಇಲ್ಲದಿದ್ದರೆ ತಿರುಪಿನ ತುದಿ ಅದರೊಳಕ್ಕೆ ಇಳಿದುಹೋಗುತ್ತದೆ.